ಹನೂರಿನ ಪೆಟ್ಟಿಗೆ

"ಮೂರರ ಪುರಾಣ ಕೇಳಕ್ಕೆ ನಂಗೆ ಟೈಮಿಲ್ಲ ಕಣಮ್ಮ. ಯಾವ್ದು ಬೇಕು ಅಂತ ಒಂದು ಹೆಸ್ರು ಹೇಳ್ಬಿಡು. ಹನ್ನೊಂದಕ್ಕೆ ಸೈನ್ ಹಾಕಿ ಪೂಜೆಗೆ ಕೂತ್ಕೋತೀನಿ."

ಹೀಗಂದು ಡಾಕ್ಟರ್ ಸದಾಶಿವಪ್ಪನವರು ವಾರ್ಡಿನ ಕಡೆ ಹೋದ ಮೇಲೆ ದೀಪಶ್ರೀ ಮೂರು ಸಾಫ್ಟ್‌ವೇರ್‌ಗಳ ಹೆಸರಿದ್ದ ಹಾಳೆಯನ್ನು ಮತ್ತೆ ಮುಂದಕ್ಕೆಳೆದುಕೊಂಡಳು. ಆಯುಧಪೂಜೆಯ ದಿನ. ಕೊಳ್ಳೇಗಾಲದ ಆಸ್ಪತ್ರೆಯ ಬಾಗಿಲಿಗೆ ಬಾಳೆಕಂದು ಕಟ್ಟುತ್ತಿದ್ದ ಸದ್ದು ಅವಳ ಕೋಣೆಯವರೆಗೂ ಕೇಳುತ್ತಿತ್ತು.

ಡಾಕ್ಟರಿಗೆ ಇಲ್ಲಿನ ದೊಡ್ಡಾಸ್ಪತ್ರೆಯಲ್ಲದೆ ಯಳಂದೂರು, ಹನೂರುಗಳಲ್ಲಿ ಎರಡು ಸಣ್ಣವಿದ್ದವು. ಮೂರು ಕಡೆಯೂ ಇಂಟರ್‌ನೆಟ್ ತಂತಿಗೆ ಒಂದೊಂದು ಫೈರ್‌ವಾಲ್ ಪೆಟ್ಟಿಗೆ. ಊರಬಾಗಿಲ ಕಾವಲುಗಾರನ ಹಾಗೆ, ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳನ್ನು ಅದಕ್ಕೆ ಒಂದೊಂದಾಗಿ ಹೇಳಿಕೊಡಬೇಕು. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ದಿನಾ ಬಸ್ಸು ಹತ್ತಿ ಬರುವ ದೀಪಶ್ರೀ ಆರು ವರ್ಷಗಳಿಂದ ಅದನ್ನೆಲ್ಲ ಕೈಯಲ್ಲೇ ಮಾಡಿಕೊಂಡು ಬಂದಿದ್ದಳು. ಈಗ ಮೂರು ಪೆಟ್ಟಿಗೆಗಳನ್ನೂ ಒಂದೇ ಪರದೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್ ಆರಿಸಬೇಕಿತ್ತು. ಮೊದಲನೆಯದು ಸರಳ, ಎರಡನೆಯದು ಚೆಂದ. ಮೂರನೆಯದು ದಿನಕ್ಕೊಂದು ಸಲ ಎಲ್ಲ ಪೆಟ್ಟಿಗೆಗಳ ನಿಯಮಗಳನ್ನೂ ತಾನಾಗಿಯೇ ನಕಲು ಮಾಡಿಟ್ಟುಕೊಳ್ಳುತ್ತಿತ್ತು. ಯಾರು, ಯಾವಾಗ, ಏನು ಬದಲಿಸಿದರು, ಏನು ಉಳಿಸದೆ ಬಿಟ್ಟರು ಎಂಬುದನ್ನು ಹೆಸರು ಸಮೇತ ಬರೆದಿಡುತ್ತಿತ್ತು. ಅದರ ಮುಂದೆ ಅವಳು ಹೋದ ವಾರವೇ 'ನಮಗೆ ಇಷ್ಟೆಲ್ಲ ಬೇಕಿಲ್ಲ' ಎಂದು ಬರೆದಿದ್ದಳು. ಯಾಕೆ ಬರೆದೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಫೋನು ಬಡಿದುಕೊಂಡಿತು. ಹನೂರಿನ ನರ್ಸ್ ಪವಿತ್ರ.

"ಮೇಡಂ, ಇಸಿಜಿ ಓಯ್ತಾನೇ ಇಲ್ಲ. ಬಂಡಳ್ಳಿಯೋರು, ಕೆಂಚಯ್ಯ ಅಂತ. ಪೂಜೆಗೆ ಟ್ರ್ಯಾಕ್ಟ್ರು ತೊಳೀತಾ ಇದ್ದೋರು ಎದೆ ಇಡ್ಕಂಡು ಕುಂತ್ಬುಟ್ರಂತೆ. ಮೈಯೆಲ್ಲ ಬೆವ್ರು. ಡ್ಯೂಟಿ ಡಾಕ್ಟ್ರು ಅಬ್ಬಕ್ಕೆ ಊರ್ಗೋಗವ್ರೆ."

ಹನೂರಿನ ಮಿಷನ್ನಿನ ಪರದೆಯ ಮೇಲಿನ ಗೆರೆಗಳು ಕೊಳ್ಳೇಗಾಲಕ್ಕೆ ಬಂದು, ಸದಾಶಿವಪ್ಪನವರು ನೋಡಿ ಹೇಳಿದ ಮೇಲೆಯೇ ಅಲ್ಲಿ ಸೂಜಿ ಚುಚ್ಚುವುದು. ದೀಪಶ್ರೀ ಹನೂರಿನ ಪೆಟ್ಟಿಗೆಯೊಳಗೆ ಹೋಗಲು ನೋಡಿದಳು. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ನೋಡಿದಳು. ಇಲ್ಲ.

"ಪುಟ್ಟಮಾದಪ್ಪಂಗೆ ಕೊಡು ಫೋನು."

ಪುಟ್ಟಮಾದಪ್ಪ ಹನೂರಿನ ಅಟೆಂಡರು. ಅಲ್ಲಿನ ಬಲ್ಬಿನಿಂದ ಹಿಡಿದು ಬೋರಿನವರೆಗೆ ಎಲ್ಲದಕ್ಕೂ ಅವನೇ.

"ಪೂಜೆಗೆ ಅಂತ ಬಿಚ್ಚಿದ್ದಿ ಕಣವ್ವ. ಬಿಪಿ ಮಿಷಿನ್ನು, ಸ್ಪ್ಯಾನರು, ಎಲ್ಲಾನೂ ಸಾಲಾಗಿ ಮಡಗಿ ಇಬೂತಿ ಬಳ್ದಿ. ಅಗಲೂ ರಾತ್ರಿ ದುಡಿಯೋ ಪೆಟ್ಗೆ, ಇದೊಂದ್ನ ಯಾಕ್ ಬುಡದು ಅಂತ... ನೀರು ಸೋಕ್ಸಿಲ್ಲ ಕಣವ್ವ. ಒಣ ಬಟ್ಟೇಲೇ ಒರ್ಸುದ್ದಿ. ನೀ ಯೋಳ್ಕೊಟ್ಟಿದ್ದಂಗೇ ಮೂರು ಸತಿ ತಂತಿ ಕಿತ್ತು ಆಕ್ದಿ. ಯಾಕೋ ಮಾತು ಕೇಳ್ತಾ ಇಲ್ಲ."

ಏನಾಗಿದೆಯೆಂದು ದೀಪಶ್ರೀಗೆ ತಿಳಿದುಹೋಯಿತು.

ತಂತಿ ಕಿತ್ತು ಹಾಕುವುದು ಅವಳೇ ಹೇಳಿಕೊಟ್ಟ ವಿದ್ಯೆ. ಕೊಳ್ಳೇಗಾಲದಲ್ಲಿ ಕೂತು ಹನೂರಿನ ಪೆಟ್ಟಿಗೆಗೆ ಹೊಸ ನಿಯಮ ಹಾಕುವಾಗ ಅವಳು ಕೂಡಲೇ ಅದನ್ನು ಉಳಿಸುತ್ತಿರಲಿಲ್ಲ, ಸೇವ್ ಮಾಡುತ್ತಿರಲಿಲ್ಲ. ಎಲ್ಲಾದರೂ ತಪ್ಪಿ ತನಗೇ ಬಾಗಿಲು ಮುಚ್ಚಿಕೊಂಡರೆ ಪುಟ್ಟಮಾದಪ್ಪ ತಂತಿ ಕಿತ್ತು ಮತ್ತೆ ಹಾಕಬೇಕು. ಪೆಟ್ಟಿಗೆ ಹೊಸದನ್ನು ಮರೆತು ಹಳೆಯದಕ್ಕೆ ಮರಳುತ್ತಿತ್ತು. ಎಲ್ಲ ಸರಿಹೋದರೆ ಆಮೇಲೆ ಉಳಿಸಬೇಕು. ಆದರೆ ಸರಿಹೋದದ್ದನ್ನು ಯಾರು ನೆನೆಸಿಕೊಳ್ಳುತ್ತಾರೆ? ಕರೆಂಟು ಹೋದರೂ ಬ್ಯಾಟರಿ ಇತ್ತು. ಮೂರು ವರ್ಷದಿಂದ ಪೆಟ್ಟಿಗೆ ಆರಿರಲಿಲ್ಲ. ಇಸಿಜಿಯ ದಾರಿ, ಅವಳು ಒಳಗೆ ಹೋಗುವ ದಾರಿ, ಎಲ್ಲವೂ ಅದರ ತಲೆಯಲ್ಲಷ್ಟೇ ಇದ್ದವು. ಇವತ್ತು ತಂತಿ ಕಿತ್ತೊಡನೆ ಅಳಿಸಿಹೋಗಿದ್ದವು.

"ಪವಿತ್ರಾ, ಆ ಪೆಟ್ಟಿಗೆ ಪಕ್ಕದ ಕಂಪ್ಯೂಟರ್ ಮುಂದೆ ಕೂತ್ಕೋ. ನಾನು ಹೇಳಿದ್ದನ್ನ ಟೈಪ್ ಮಾಡು."

ಮೂರು ವರ್ಷದ ಹಿಂದಿನ ಪಾಸ್‌ವರ್ಡು ಕೇಳಿತು. ದೀಪಶ್ರೀ ಒಂದು ಹೇಳಿದಳು. ಅಲ್ಲ. ಇನ್ನೊಂದು. ಅದೂ ಅಲ್ಲ. ಪವಿತ್ರ ನಡುನಡುವೆ ಎದ್ದು ರೋಗಿಯ ಹತ್ತಿರ ಓಡುತ್ತಿದ್ದಳು. ಫೋನಿನಲ್ಲಿ ಹೆಂಗಸೊಬ್ಬಳು "ಉಸ್ರು ಬುಡಿ, ಜೋರಾಗಿ ಉಸ್ರು ಬುಡಿ" ಅನ್ನುತ್ತಿದ್ದುದು ಕೇಳುತ್ತಿತ್ತು. ಮೂರನೆಯದೂ ತಪ್ಪಾಯಿತು. ಹದಿನೈದು ನಿಮಿಷ ಕಾಯಿರಿ ಎಂದು ಬರೆದು ಪೆಟ್ಟಿಗೆ ಸುಮ್ಮನಾಯಿತು.

"ಮೇಡಂ," ಪವಿತ್ರಳ ದನಿ ಒಡೆದಿತ್ತು, "ಮಿಷಿನ್ನಿನ ಪರ್ದೇನ ನನ್ ಮೊಬೈಲಲ್ಲಿ ಪೋಟೊ ತಗ್ದು ಡಾಕ್ಟ್ರಿಗೆ ಕಳ್ಸ್ಬುಡ್ಲಾ?"

ದೀಪಶ್ರೀ ಕುರ್ಚಿಯಿಂದ ಎದ್ದೇಬಿಟ್ಟಳು. "ಕಳ್ಸು! ಇಷ್ಟೊತ್ತು ಯಾಕೆ ಸುಮ್ನಿದ್ದೆ?"

"ನೀವೇ ಗೋಡೆಗೆ ಅಂಟ್ಸಿದ್ದೀರಲ್ಲ ಮೇಡಂ. ಪೋಟೊ ತೆಗದ್ರೆ ಕೆಲ್ಸದಿಂದ ತಗೀತೀವಿ ಅಂತ."

ಯಾರದೋ ರಿಪೋರ್ಟು ಊರಿನ ವಾಟ್ಸಾಪಿನಲ್ಲೆಲ್ಲ ಓಡಾಡಿದ ಮೇಲೆ ಬರೆದದ್ದು ಅದು. ಕೆಳಗೆ ಅವಳದೇ ಸಹಿ. ಗಡಿಯಾರ ನೋಡಿದಳು. ಮೊದಲ ಕರೆ ಬಂದು ಮೂವತ್ತೈದು ನಿಮಿಷವಾಗಿತ್ತು.

ವಾರ್ಡಿಗೆ ಓಡಿದಳು. ಸದಾಶಿವಪ್ಪನವರು ಫೋಟೊ ನೋಡಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಯಾವ ಸೂಜಿ, ಎಷ್ಟು ಎಂದು ಫೋನಿನಲ್ಲೇ ಕೂಗಿ ಹೇಳಿದರು. "ಆಂಬುಲೆನ್ಸಲ್ಲಿ ಹಾಕಿ ಈಗ್ಲೇ ಕಳ್ಸು," ಎಂದು ಹೇಳಿ, ಪವಿತ್ರಳಿಂದ ನಡೆದದ್ದನ್ನು ಕೇಳಿ ಫೋನಿಟ್ಟವರು ದೀಪಶ್ರೀಯ ಕಡೆ ತಿರುಗಿದರು.

"ಪೂಜೆ ಅಂತ ಆ ಪೆಟ್ಟಿಗೇನ ಕಿತ್ತಿದ್ದು ಪುಟ್ಟಮಾದಪ್ಪನೇ ತಾನೆ? ನಾಳೆಯಿಂದ ಬರೋದು ಬೇಡ ಅಂತ ಹೇಳ್ಬಿಡು."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಬಾಯಿ ತೆರೆಯುವಷ್ಟರಲ್ಲಿ ಅವರು ಐಸಿಯು ಕಡೆ ಹೋಗಿಯಾಗಿತ್ತು.

ಆಂಬುಲೆನ್ಸ್ ಬಂದಾಗ ಅದರ ಮುಂದಿನ ಬಾಳೆಕಂದುಗಳಲ್ಲಿ ಒಂದು ಮುರಿದು ನೇತಾಡುತ್ತಿತ್ತು. ಕೆಂಚಯ್ಯನನ್ನು ಇಳಿಸಿಕೊಂಡು ಓಡಿದರು. ಬೂದು ಬಣ್ಣಕ್ಕೆ ತಿರುಗಿದ ಮುಖ, ಅರೆತೆರೆದ ಕಣ್ಣು; ದೀಪಶ್ರೀ ಕಂಡದ್ದು ಅಷ್ಟೇ. ಹಿಂದೆಯೇ ಅವನ ಹೆಂಡತಿ ಮಾದೇವಮ್ಮ, ಗಂಡನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು. ಕೊನೆಗೆ ಪುಟ್ಟಮಾದಪ್ಪ ಇಳಿದ. ಟವಲಿನಲ್ಲಿ ಸುತ್ತಿದ್ದೊಂದನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದ.

"ನೀನೇ ನೋಡು ಅಂತ ತಕಬಂದ್ಬುಟ್ಟಿ ಕಣವ್ವ," ಎಂದು ಐಸಿಯು ಮುಂದಿನ ಬೆಂಚಿನ ಮೇಲೆ ಪೆಟ್ಟಿಗೆಯನ್ನಿಟ್ಟ. ಮೇಲೆ ಮೂರೆಳೆ ವಿಭೂತಿ, ಒಂದು ಚೆಂಡುಹೂವು. "ನಂದೇ ತಪ್ಪಾ ಅವ್ವ? ಎಲ್ರೂ ಅಂಗೇ ಅಂತಾವ್ರೆ."

"ನಿಂದಲ್ಲ."

"ಮತ್ತಿನ್ಯಾರ್ದು?"

ದೀಪಶ್ರೀ ಕೋಣೆಗೆ ಹೋಗಿ ಹಾಳೆ ತಂದಳು. ಬೆಂಚಿನ ತುದಿಯಲ್ಲಿ ಕೂತು 'ಬೇಕಿಲ್ಲ' ಎಂಬ ಸಾಲನ್ನು ಹೊಡೆದುಹಾಕಿ, ಮೂರನೆಯದರ ಮುಂದೆ ಗುರುತು ಹಾಕಿದಳು. ಅದರ ಕೆಳಗೆ ಬರೆದಳು: ಹನೂರಿನ ಪೆಟ್ಟಿಗೆಯ ನಿಯಮಗಳನ್ನು ಮೂರು ವರ್ಷಗಳಿಂದ ಉಳಿಸಿರಲಿಲ್ಲ. ಉಳಿಸಬೇಕಾಗಿದ್ದವರು... ಪೆನ್ನು ಅಲ್ಲಿ ತುಸು ನಿಂತಿತು. ಆಮೇಲೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಐಸಿಯು ಬಾಗಿಲು ಒಮ್ಮೆ ತೆರೆಯಿತು. ಮಾದೇವಮ್ಮ ಎದ್ದು ನಿಂತಳು. ಹೊರಬಂದ ನರ್ಸು ಯಾರ ಮುಖವನ್ನೂ ನೋಡದೆ ಔಷಧಿಯ ಕೋಣೆಯತ್ತ ಓಡಿದಳು. ಬಾಗಿಲು ಮುಚ್ಚಿಕೊಂಡಿತು.

ಮಾದೇವಮ್ಮ ಮತ್ತೆ ಕೂತಳು. ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಆಗ ಕಂಡವಳಂತೆ ನೋಡಿದಳು. ಏನು, ಯಾರದು ಎಂದು ಕೇಳಲಿಲ್ಲ. ಗಂಡನ ಚಪ್ಪಲಿಗಳನ್ನು ಬೆಂಚಿನ ಕೆಳಗೆ ಜೋಡಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಪೆಟ್ಟಿಗೆಯ ಮೇಲಿನ ವಿಭೂತಿಯನ್ನು ಎರಡು ಬೆರಳಲ್ಲಿ ಮುಟ್ಟಿ ಹಣೆಗಿಟ್ಟುಕೊಂಡಳು. ಇನ್ನೊಂದು ಚಿಟಿಕೆಯನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ, ಗಂಟನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತ ಕೂತಳು.