ಹತ್ತು ಕೀಗಳ ಅಗಲ

ಬ್ಯಾಲೆ ಸಂಗೀತವನ್ನು ಬರೆದಿರುವುದು ಆರ್ಕೆಸ್ಟ್ರಾಕ್ಕೆ. ಅಭ್ಯಾಸದ ಕೋಣೆಯಲ್ಲಿರುವುದು ಒಂದೇ ಪಿಯಾನೊ. ಹಾಗಾಗಿ ಅಷ್ಟೂ ವಾದ್ಯಗಳನ್ನು ಎರಡು ಕೈಗೆ ಇಳಿಸಿ ಬರೆದ ಪುಸ್ತಕಗಳಿರುತ್ತವೆ. ಜೆ.ಪಿ. ನಗರದ ನೃತ್ಯಶಾಲೆಯೊಂದರಲ್ಲಿ ಹದಿನೇಳು ವರ್ಷ ಪಿಯಾನೊ ನುಡಿಸಿದ ಬದರಿನಾಥರಿಗೆ ಆ ಅಚ್ಚಾದ ಪುಸ್ತಕ ಒಗ್ಗಿರಲಿಲ್ಲ. ಅದರಲ್ಲಿ ಹಾರ್ನ್ ನುಡಿಸುವ ಸ್ವರಗಳಿರಲಿಲ್ಲ, ಚೆಲ್ಲೊದವೂ ಇರಲಿಲ್ಲ. ಮಕ್ಕಳು ಕುಣಿಯುವ ಒಂದು ವಾಲ್ಟ್ಜ್ ನೃತ್ಯದ ಸಂಗೀತವನ್ನು ತಾವೇ ಹೊಸದಾಗಿ ಇಳಿಸಿ ಬರೆದರು. ಎರಡು ವರ್ಷ ಹಿಡಿಯಿತು. ಅವರ ಎಡಗೈ ಚಾಚಿದರೆ ಹತ್ತು ಕೀ ಮುಟ್ಟುತ್ತಿತ್ತು; ಆ ಅಳತೆಗೇ ಬರೆದರು.

ಫೆಬ್ರವರಿಯಲ್ಲಿ ಬರೆದು ಮುಗಿಯಿತು. ಮಾರ್ಚ್‌ನಲ್ಲಿ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಬರೆದದ್ದನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಡಿಸೆಂಬರ್‌ನ ವಾರ್ಷಿಕೋತ್ಸವದಲ್ಲಾದರೂ ಕೇಳಿಸಬೇಕು ಎಂಬುದೊಂದೇ ಅವರಿಗೆ ಉಳಿದ ಆಸೆ. ನುಡಿಸಲು ಒಪ್ಪಿದವಳು ಹುಳಿಮಾವಿನಿಂದ ಬರುತ್ತಿದ್ದ ಶಿಷ್ಯೆ, ಹದಿನಾಲ್ಕರ ತನ್ಮಯಿ. ಅವಳ ಕೈಗೆ ಎಟುಕುವುದು ಎಂಟೇ ಕೀ.

“ಆಗ್ತಿಲ್ಲ ಸಾರ್.”

“ಒಂದಾದ್ಮೇಲೊಂದು ಒತ್ತು.”

ಹಾಗೆ ಒತ್ತಿದರೆ ತಾಳ ಜಾರುತ್ತಿತ್ತು. ನೆಗೆದ ಮಕ್ಕಳು ಅಷ್ಟರಲ್ಲಿ ನೆಲ ಮುಟ್ಟಿರುತ್ತಿದ್ದರು.

“ಬದರಿ ಸಾರ್, ಮಕ್ಕಳನ್ನ ಗಾಳೀಲಿ ನಿಲ್ಸೋಕಾಗುತ್ತಾ?” ನೃತ್ಯಶಿಕ್ಷಕಿ ಮೈತ್ರೇಯಿ ನಕ್ಕರು. “ಬೇಕಾದ್ರೆ ಗ್ರಾವಿಟಿಗೆ ಒಂದ್ಮಾತು ಹೇಳಿ ನೋಡ್ತೀನಿ.”

ಬದರಿನಾಥರು ರಬ್ಬರ್ ತೆಗೆದುಕೊಂಡರು. ಮೊದಲ ಶನಿವಾರ ಹಾರ್ನ್ ಹೋಯಿತು. ಮುಂದಿನ ಶನಿವಾರ ಚೆಲ್ಲೊ. ಒಂದೇ ಕೈಯಲ್ಲಿ ಅಳಿಸಿದರೆ ಹಾಳೆ ಜರುಗುತ್ತಿದ್ದುದರಿಂದ ತನ್ಮಯಿ ಅದನ್ನು ಒತ್ತಿ ಹಿಡಿದಿರುತ್ತಿದ್ದಳು.

“ಇದ್ಯಾವ್ದು ಸಾರ್?”

“ಓಬೋ. ಊದೋ ವಾದ್ಯ.”

“ಇರ್ಲಿ ಬಿಡಿ ಸಾರ್. ಪ್ರಾಕ್ಟೀಸ್ ಮಾಡ್ತೀನಿ.”

“ಪ್ರಾಕ್ಟೀಸ್ ಮಾಡಿದ್ರೆ ಬೆರಳು ಉದ್ದ ಆಗಲ್ಲ ಮರಿ. ಸರಿಯಾಗಿ ಹಿಡ್ಕೊ.”

ನಾಲ್ಕನೇ ಶನಿವಾರ ವಾಲ್ಟ್ಜ್ ಎಲ್ಲೂ ತಡೆಯದೆ ಸಾಗಿತು. ಮಕ್ಕಳ ಕಾಲು ತಾಳಕ್ಕೆ ಸರಿಯಾಗಿ ಬಿತ್ತು.

“ಸಖತ್ತಾಗಿದೆ ಸಾರ್!” ಮೈತ್ರೇಯಿ ಚಪ್ಪಾಳೆ ತಟ್ಟಿದರು. “ಇನ್ವಿಟೇಷನ್‌ನಲ್ಲಿ ನಿಮ್ಮ ಹೆಸ್ರು ಹಾಕಿಸ್ತೀನಿ.”

ಬದರಿನಾಥರು ಅಚ್ಚಾದ ಪುಸ್ತಕವನ್ನು ತಮ್ಮ ಹಾಳೆಗಳ ಪಕ್ಕಕ್ಕಿಟ್ಟು ಸಾಲು ಸಾಲಾಗಿ ಹೋಲಿಸಿದರು. ಹನ್ನೊಂದು ಪುಟಗಳಲ್ಲಿ ವ್ಯತ್ಯಾಸ ಉಳಿದಿದ್ದುದು ಒಂದೇ ಕಡೆ, ಎರಡು ಸ್ವರ.

“ಹೆಸ್ರು ಬೇಡ ಮೇಡಂ. ಇದು ಪುಸ್ತಕದಲ್ಲಿರೋದೇ.”

“ಅಯ್ಯೋ, ಹಂಗಾದ್ರೆ ಎರಡು ವರ್ಷ ಏನ್ ಸಾರ್ ಬರೆದ್ರಿ?”

ಅವರು ಕೀಗಳ ಮೇಲೆ ಬಿದ್ದಿದ್ದ ರಬ್ಬರ್ ಪುಡಿಯನ್ನು ಬಲಗೈಯಿಂದ ಗುಡಿಸಿದರು. ತನ್ಮಯಿಯ ಎದುರಿನಿಂದ ತಮ್ಮ ಹಾಳೆಗಳನ್ನು ತೆಗೆದು ಅಲ್ಲಿ ಪುಸ್ತಕ ಇಟ್ಟರು.

“ಇದನ್ನೇ ನೋಡ್ಕೊಂಡು ನುಡಿಸು. ಓದೋಕೆ ಸುಲಭ.”