ಎಡಗಡೆಯ ಚಟಪಟ

ಭಾನುವಾರ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ನಡುಮನೆಯ ಮೇಜಿನ ಮೇಲೆ, ಹಳೆಯ ರೇಡಿಯೋದಂತೆ ಒಳಗೆ ಗಾಜಿನ ಬುರುಡೆಗಳು ಉರಿಯುವ ಎರಡು ವಾಲ್ವ್ ಆಂಪ್ಲಿಫೈಯರ್‌ಗಳು ಅಕ್ಕಪಕ್ಕ ಕೂತಿದ್ದವು. ಒಂದನ್ನು ಅವಳ ಗಂಡ ಅಂಗಡಿಯಿಂದ ತಂದಿದ್ದ. ಕೇಳಿ ನೋಡಿ ಸೋಮವಾರ ತಿಳಿಸಿ ಎಂದು ಅಂಗಡಿಯವನು ಕೊಟ್ಟು ಕಳಿಸಿದ್ದ. ಇನ್ನೊಂದನ್ನು ಅವಳ ಅಣ್ಣ ತನ್ನ ಕೈಯಾರೆ ಕಟ್ಟಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದ. ಯಾವುದು ಮನೆಯಲ್ಲಿ ಉಳಿಯಬೇಕು ಎಂದು ಅವಳು ಹೇಳಬೇಕಿತ್ತು. ಕಿವಿ ಅಂದರೆ ಅವಳದೇ ಎಂದು ಇಬ್ಬರೂ ಒಪ್ಪಿದ್ದರು. ಅವರಿಬ್ಬರೂ ಒಪ್ಪಿದ್ದು ಅದೊಂದನ್ನೇ.

ಅವಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಕೇಳಿಸಿದರೆ ಗುಂಡಿ ಒತ್ತಿ ಎನ್ನುವುದು ಅವಳ ದಿನದ ಕೆಲಸ. ಗಂಡ ಬಣ್ಣದ ಮುದ್ರಣಾಲಯವೊಂದರ ಮೇಲ್ವಿಚಾರಕ. ಕೆಂಪು ಕೂದಲೆಳೆಯಷ್ಟು ಜಾಸ್ತಿಯಾದರೂ ಅಚ್ಚಾದ ಕಟ್ಟನ್ನೆಲ್ಲ ವಾಪಸು ಕಳಿಸುವ ಆಸಾಮಿ. ಅಣ್ಣ ಲಿಫ್ಟ್ ಮೆಕ್ಯಾನಿಕ್. ಭಾವ, ಭಾವ ಎಂದು ಕರೆದುಕೊಳ್ಳುವ ಈ ಇಬ್ಬರ ನಡುವೆ ಹಳೆಯದೊಂದು ಬಿಗುಮಾನವಿತ್ತು. ಈ ಮನೆಗೆ ಮೊದಲು ವೈರಿಂಗ್ ಮಾಡಿದ್ದು ಅಣ್ಣ. ಒಮ್ಮೆ ಅಡುಗೆಮನೆಯ ಸ್ವಿಚ್ಚೊಂದು ಕೈಕೊಟ್ಟಾಗ ಗಂಡ ಅವನಿಗೆ ಒಂದು ಮಾತೂ ಹೇಳದೆ ಬೇರೆಯವರನ್ನು ಕರೆಸಿ ಇಡೀ ಮನೆಯ ವೈರಿಂಗ್ ಬದಲಿಸಿಬಿಟ್ಟ. ಅಣ್ಣ ಬಂದವನು ಗೋಡೆಯ ಮೇಲಿನ ಹೊಸ ಬೋರ್ಡುಗಳನ್ನು ನೋಡಿದ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಅಲ್ಲಿಂದೀಚೆಗೆ ಅವರ ಮಾತು ಆರೋಗ್ಯ ವಿಚಾರಿಸುವಲ್ಲಿಗೆ ನಿಲ್ಲುತ್ತಿತ್ತು.

"ಅವಳು ನೋಡಬಾರದು," ಎಂದ ಗಂಡ. "ನೋಡಿದ್ರೆ ಕಣ್ಣೇ ತೀರ್ಮಾನ ಮಾಡಿಬಿಡುತ್ತೆ. ಬೆನ್ನು ಹಾಕಿ ಕೂತ್ಕೊಳ್ಳಲಿ."

"ಬೆನ್ನು ಹಾಕಿದ್ರೆ ಸ್ಪೀಕರೂ ಹಿಂದಾಯ್ತು. ತಲೆ ಹಿಂದೆ ಅವಳಿಗೇನು ಕಿವಿ ಇದೆಯಾ ಭಾವ?"

ಕೊನೆಗೆ ಅವಳು ಸೋಫಾದಲ್ಲಿ ಎಂದಿನಂತೆ ಸ್ಪೀಕರುಗಳ ಕಡೆಗೇ ಮುಖ ಮಾಡಿ, ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡಳು. ಅದಕ್ಕೆ ಮೊದಲು ಆಸ್ಪತ್ರೆಯಿಂದ ತಂದಿದ್ದ ಶಬ್ದ ಅಳೆಯುವ ಮೀಟರ್ ಹಿಡಿದು ಎರಡರ ಸದ್ದೂ ಒಂದೇ ಮಟ್ಟಕ್ಕೆ ಬರುವಂತೆ ಹೊಂದಿಸಿದ್ದಳು. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಎಲ್ಲರಿಗೂ ಮೋಸ ಮಾಡುತ್ತದೆ. ತನ್ನ ಕಿವಿ ಅದಕ್ಕೆ ಹೊರತೆಂದು ಅವಳೇನೂ ನಂಬಿರಲಿಲ್ಲ.

"ಆಫ್ ಮಾಡದೆ ಸ್ಪೀಕರ್ ತಂತಿ ಬಿಚ್ಚಬೇಡಿ," ಎಂದ ಅಣ್ಣ. "ಸ್ಪೀಕರ್ ಇಲ್ಲದೆ ಓಡಿದ್ರೆ ಒಳಗಿರೋ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ. ಇದು ಬಲ್ಬ್ ಹಾಕಿ ತೆಗೆದ ಹಾಗಲ್ಲ."

"ಗೊತ್ತು ಭಾವ. ಪುಸ್ತಕದಲ್ಲಿ ಬರೆದಿದ್ದಾರೆ."

"ನನ್ನದಕ್ಕೆ ಪುಸ್ತಕ ಇಲ್ಲ. ನಾನೇ ಹೇಳಬೇಕು."

ಒಬ್ಬ ಹೆಂಗಸಿನ ಹಾಡು, ಜೊತೆಗೆ ಒಂದು ಪಿಟೀಲು, ನಡುನಡುವೆ ಇಡೀ ವಾದ್ಯವೃಂದ. ಅವಳಿಗೆ ಬಾಯಿಪಾಠವಾಗಿದ್ದ ಹಳೆಯ ರೆಕಾರ್ಡು. ಮೊದಲನೆಯ ಸಲ ಹಾಡುಗಾರ್ತಿ ಎದುರಿಗೇ, ಕೈಗೆಟುಕುವಷ್ಟು ಹತ್ತಿರ ನಿಂತು ಹಾಡಿದಂತಿತ್ತು. ಉಸಿರು ತೆಗೆದುಕೊಳ್ಳುವುದೂ ತುಟಿ ಬೇರ್ಪಡುವುದೂ ಕೇಳಿಸಿತು. ಆದರೆ ವಾದ್ಯಗಳೆಲ್ಲ ಕೂಡಿಕೊಂಡು ಏರುವ ಕಡೆ ಸದ್ದು ಮುದ್ದೆಯಾಯಿತು, ಸಣ್ಣ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದ ಹಾಗೆ. ಇದು ಅಣ್ಣನದು ಎಂದು ಅವಳಿಗೆ ಆಗಲೇ ತಿಳಿದುಹೋಯಿತು. ಅದರಲ್ಲಿದ್ದದ್ದು ಎಡಕ್ಕೊಂದು ಬಲಕ್ಕೊಂದು, ಎರಡೇ ದೊಡ್ಡ ವಾಲ್ವು, ಎಂಟು ವಾಟ್; ಅಂಗಡಿಯದರಲ್ಲಿ ನಾಲ್ಕು. ಈ ಮನೆಯ ಸ್ಪೀಕರುಗಳು ತೂಕದವು, ಹೆಚ್ಚು ವಾಟ್ ಇಲ್ಲದೆ ಸುಲಭಕ್ಕೆ ಬಾಯಿ ಬಿಡುವವಲ್ಲ.

ಎರಡನೆಯದರಲ್ಲಿ ಹಾಡುಗಾರ್ತಿ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಆ ಆಪ್ತತೆ ಇರಲಿಲ್ಲ. ಆದರೆ ಏರುವ ಕಡೆ ಏನೂ ಕಲಸಲಿಲ್ಲ. ಕೆಳಗಿನ ಸ್ವರಗಳು ಗಟ್ಟಿ ನೆಲದ ಮೇಲೆ ಕಾಲಿಟ್ಟಂತೆ ಬಂದವು.

"ಇನ್ನೊಂದ್ಸಲ ಮೊದಲನೇದು," ಎಂದಳು.

ತಂತಿ ಬದಲಿಸಿದ್ದಾಯಿತು, ವಾಲ್ವುಗಳು ಬಿಸಿಯಾಗುವವರೆಗೆ ಕಾದದ್ದಾಯಿತು. ಹಾಡು ಅರ್ಧಕ್ಕೆ ಬಂದಾಗ ಎಡಗಡೆಯಿಂದ ಸಣ್ಣಗೆ ಚಟ್ ಎಂದಿತು. ಒಂದು ಸಾಲು ಬಿಟ್ಟು ಮತ್ತೆ ಚಟಪಟ. ಆಮೇಲೆ ಎಡಗಡೆಯ ಸದ್ದು ಒಂದು ಗಳಿಗೆ ಪೂರ್ತಿ ಹೋಗಿ ಬಂತು.

ಅವಳು ಕರವಸ್ತ್ರ ತೆಗೆದಳು. ಗಂಡನ ತುಟಿಯಂಚಿನಲ್ಲಿ ನಗು ಇಣುಕುತ್ತಿತ್ತು.

"ರೆಕಾರ್ಡಿನ ಧೂಳು," ಎಂದ ಅಣ್ಣ.

"ಧೂಳಾದ್ರೆ ಅಂಗಡಿಯದರಲ್ಲೂ ಕೇಳಿಸಬೇಕಿತ್ತಲ್ಲ ಭಾವ?"

"ಹಾಗಾದ್ರೆ ನಿಮ್ಮ ತಂತಿ ಸರಿಯಿಲ್ಲ."

ಗಂಡ ಆಫ್ ಮಾಡಿ, ಎಡ ಬಲದ ತಂತಿಗಳನ್ನು ಅದಲು ಬದಲು ಮಾಡಿದ. ಈಗ ಚಟಪಟ ಬಲಗಡೆಯ ಸ್ಪೀಕರಿನಿಂದ ಬಂತು. ಅಂದರೆ ತಪ್ಪು ತಂತಿಯದೂ ಅಲ್ಲ, ಸ್ಪೀಕರಿನದೂ ಅಲ್ಲ. ಅಣ್ಣ ಆಫ್ ಮಾಡಿ, ತಂತಿ ಬಿಚ್ಚಿ, ಕಂಬಳಿಯನ್ನು ಮೇಜಿನ ಮೇಲೆ ಹಾಸಿ, ಬಿಸಿ ವಾಲ್ವುಗಳನ್ನು ಬಟ್ಟೆಯಲ್ಲಿ ಹಿಡಿದು ಕಿತ್ತಿಟ್ಟು, ಪೆಟ್ಟಿಗೆಯನ್ನು ಬೋರಲು ಹಾಕಿದ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

ಆಗ ಅವಳು ನೋಡಿದಳು. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ತಲೆಯ ಮೇಲೆ ಕೂರಲಿಲ್ಲ. ಪಕ್ಕಕ್ಕೆ ಜಾರಿತು, ಮತ್ತೆ ಜಾರಿತು. ಅಣ್ಣ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಒತ್ತಿದ. ಯಾರೋ ನೋಡುತ್ತಿದ್ದಾರೆಂದು ತಿಳಿದವನಂತೆ ಭುಜ ತಿರುಗಿಸಿ ಕೈಯನ್ನು ಮರೆಮಾಡಿದ. ಊಟದಲ್ಲಿ ಅವನು ಸಾರು ಬೇಡವೆಂದದ್ದು, ನೀರಿನ ಲೋಟಕ್ಕೆ ಎರಡೂ ಕೈ ಹಾಕಿದ್ದು, ಎಲ್ಲ ಈಗ ಅರ್ಥವಾಯಿತು.

ತಳದ ತಗಡು ಬಿಚ್ಚಿಕೊಂಡಿತು. ಅಣ್ಣ ಪೆಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿ, ವಾಲ್ವು ಸಿಕ್ಕಿಸಿ, ಸ್ಪೀಕರ್ ತಂತಿ ಜೋಡಿಸಿ ಮತ್ತೆ ಆನ್ ಮಾಡಿದ. ಉದ್ದನೆಯ ಮರದ ಕಡ್ಡಿಯೊಂದನ್ನು ಹಿಡಿದು ಒಳಗಿನ ಒಂದೊಂದೇ ತಂತಿಯನ್ನು ಮೆಲ್ಲಗೆ ತಟ್ಟತೊಡಗಿದ. ಯಾವುದನ್ನು ತಟ್ಟಿದಾಗ ಚಟಪಟ ಎನ್ನುತ್ತದೋ ಅದೇ ಕಳ್ಳ.

"ಅಣ್ಣಾ, ಕರೆಂಟ್ ಇರುವಾಗ ಬೇಡ."

"ಕರೆಂಟ್ ಇರುವಾಗಲೇ ನೋಡಬೇಕಾದ್ದು ಇದು. ಸುಮ್ಮನಿರು."

"ಒಳಗೆ ಎಷ್ಟಿದೆ?"

"ಮುನ್ನೂರೈವತ್ತು ವೋಲ್ಟ್. ನೂರು ಸಲ ಮಾಡಿದ್ದೀನಿ."

ಕಡ್ಡಿಯ ತುದಿ ನಡುಗುತ್ತಿತ್ತು. ಅವನು ಇನ್ನೂ ಹತ್ತಿರ ಬಗ್ಗಿ ಕಡ್ಡಿಯನ್ನು ಗಿಡ್ಡವಾಗಿ ಹಿಡಿದ. ಬೆರಳುಗಳು ತಂತಿಗಳ ಪಕ್ಕಕ್ಕೇ ಬಂದವು. ಗಂಡನ ಮುಖದಲ್ಲಿದ್ದ ನಗು ಯಾವಾಗಲೋ ಮಾಯವಾಗಿತ್ತು. ಅವನೂ ಆ ಕೈಯನ್ನೇ ನೋಡುತ್ತಿದ್ದ. ಹಾಡು ಮಾತ್ರ ತನ್ನ ಪಾಡಿಗೆ ನಡೆದಿತ್ತು. ಇದ್ದಕ್ಕಿದ್ದಂತೆ ಕಡ್ಡಿ ಜಾರಿ ಎರಡು ತಂತಿ ಒಂದಕ್ಕೊಂದು ಸೋಕಿದವು. ನೀಲಿ ಕಿಡಿ ಹಾರಿತು, ಸ್ಪೀಕರು ಒದರಿತು.

ಅವಳು ಗೋಡೆಗೆ ಧಾವಿಸಿ ಪ್ಲಗ್ಗನ್ನೇ ಕಿತ್ತಳು.

"ಯಾಕೆ ತೆಗೆದೆ?"

"ಕೈ ನಡುಗ್ತಾ ಇದೆ."

"ಯಾರದು?"

"ಅಣ್ಣಾ, ನಿನ್ನದು."

ಅವನು ಕಡ್ಡಿಯನ್ನು ಮೇಜಿನ ಮೇಲಿಟ್ಟ. ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. "ನನ್ನ ಕೈ ವಿಷಯ ಮಾತಾಡೋಕೆ ಕರೆದದ್ದಾ ನನ್ನ?" ಅವನ ದನಿ ತಗ್ಗಿತ್ತು; ಕೂಗಿದ್ದರೆ ವಾಸಿಯಿತ್ತು.

ಗಂಡ ನಡುವೆ ಬಂದ. "ಬಿಡಿ ಭಾವ, ಮೊದಲು ಇದನ್ನ ಮುಚ್ಚಿಬಿಡೋಣ," ಎನ್ನುತ್ತ ಪೆಟ್ಟಿಗೆಯನ್ನು ಎತ್ತಲೆಂದು ಅದರ ತೆರೆದ ತಳದೊಳಕ್ಕೆ ಎರಡೂ ಕೈ ಚಾಚಿದ.

ಅಣ್ಣ ಅವನ ಮೊಳಕೈಗೆ ಬಲವಾಗಿ ಹೊಡೆದ. ಗಂಡ ಹಿಂದಕ್ಕೆ ವಾಲಿ ಕುರ್ಚಿಗೆ ತಾಗಿದ, ಕುರ್ಚಿ ಉರುಳಿತು. ಒಂದು ಕ್ಷಣ ಇಬ್ಬರೂ ಎದುರುಬದುರು ನಿಂತರು. ಗಂಡನ ಮುಷ್ಟಿ ಬಿಗಿದಿತ್ತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಈಗ ಹೊರಗೆ ಬರುತ್ತದೆ ಎಂದು ಅವಳಿಗೆ ಅನ್ನಿಸಿತು.

"ಮುಟ್ಟಬೇಡಿ," ಎಂದ ಅಣ್ಣ, ಏದುಸಿರು ಬಿಡುತ್ತ. "ಪ್ಲಗ್ ಕಿತ್ತರೆ ಮುಗೀತು ಅಂದ್ಕೊಂಡ್ರಾ? ಆ ಕೆಪಾಸಿಟರುಗಳಲ್ಲಿ ಕರೆಂಟ್ ಹಾಗೇ ನಿಂತಿರುತ್ತೆ. ಎರಡು ಕೈ ಒಳಗೆ ಹಾಕಿದ್ರಲ್ಲ, ಒಂದರಿಂದ ಇನ್ನೊಂದಕ್ಕೆ ಎದೆ ಹಾದು ಹೋಗ್ತಿತ್ತು."

ಗಂಡ ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. "ಏನು ಮಾಡಬೇಕು ಈಗ?"

ಅಣ್ಣ ಚೀಲದಿಂದ ಎರಡೂ ತುದಿಗೆ ಕ್ಲಿಪ್ಪಿದ್ದ ತಂತಿಯೊಂದನ್ನು ತೆಗೆದ. ನಿಂತ ಕರೆಂಟನ್ನು ಮೆಲ್ಲಗೆ ಇಳಿಸುವ ತಂತಿ ಅದು. ಕ್ಲಿಪ್ಪು ಬೆರಳುಗಳ ನಡುವೆ ಅಲುಗುತ್ತಲೇ ಇತ್ತು. ಅವನು ಅದನ್ನು ನೋಡಿದ, ತೆರೆದ ಪೆಟ್ಟಿಗೆಯನ್ನು ನೋಡಿದ. ಗಂಡ ಕೈ ನೀಡಿದ. ಅಣ್ಣ ತಂತಿಯನ್ನು ಆ ಕೈಯಲ್ಲಿಟ್ಟ.

"ಎಡಗೈ ಜೇಬಲ್ಲಿ ಇಟ್ಕೊಳ್ಳಿ."

"ಈ ಪೈಜಾಮಕ್ಕೆ ಜೇಬಿಲ್ಲ."

"ಬೆನ್ನ ಹಿಂದೆ ಇಡಿ ಹಾಗಾದ್ರೆ. ಒಂದು ಕ್ಲಿಪ್ಪು ಪೆಟ್ಟಿಗೆಯ ಅಂಚಿಗೆ. ಹಾಂ. ಇನ್ನೊಂದು ಆ ದಪ್ಪ ಡಬ್ಬಿಯ ಕೆಂಪು ತಂತಿಗೆ. ಪ್ಲಾಸ್ಟಿಕ್ ಭಾಗದಲ್ಲೇ ಹಿಡೀರಿ. ಅವಸರ ಬೇಡ. ಈಗ ಬಿಟ್ಟುಬಿಡಿ, ಇಳೀಲಿ."

ಮೂವರೂ ಕಾದರು. ಕೆಳಗಿನ ಬೀದಿಯಲ್ಲಿ ಯಾರೋ ಗಾಡಿ ಶುರು ಮಾಡಲು ಒದ್ದಾಡುತ್ತಿದ್ದರು. ಅಣ್ಣ ಚೀಲದಿಂದ ವೋಲ್ಟ್‌ಮೀಟರ್ ತೆಗೆದು ಇಟ್ಟು ನೋಡಿ ತಲೆಯಾಡಿಸಿದ. ಆಮೇಲೆ ಗಂಡ ಟಾರ್ಚ್ ಹಿಡಿದ, ಅಣ್ಣ ಒಳಗೆ ಬಗ್ಗಿ ಎಡಗಡೆಯ ಸಾಲನ್ನು ಹುಡುಕಿದ. ಒಂದು ಕಡೆ ಬೆಸುಗೆ ಹೊಳಪಿಲ್ಲದೆ, ಬೂದು ಬಣ್ಣದ ಉಂಡೆಯಂತೆ ಕೂತಿತ್ತು. ತಂತಿ ಅದರೊಳಗೆ ಹಿಡಿದುಕೊಂಡೇ ಇರಲಿಲ್ಲ. ಅದರ ಒಂದೆಳೆ ಹೊರಗೆ ಚಾಚಿ ಪಕ್ಕದ ತುದಿಗೆ ಇನ್ನೇನು ತಾಗುವಂತಿತ್ತು.

ಅಣ್ಣ ಟಾರ್ಚನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ನೋಡಿದ.

"ಕೈ ಕೆಳಗಿನ ಹುಡುಗ ಯಾವನಾದ್ರೂ ಇಂಥ ಬೆಸುಗೆ ಹಾಕಿದ್ರೆ," ಎಂದ, "ಅವತ್ತೇ ಮನೆಗೆ ಕಳಿಸ್ತಿದ್ದೆ."

ಅವಳು ಅವನ ಪಕ್ಕದಲ್ಲಿ ಬಂದು ನಿಂತಳು. "ಎಷ್ಟು ದಿನದಿಂದ?"

"ಚಳಿಗಾಲದಿಂದ. ಬೆಳಿಗ್ಗೆ ಪರವಾಗಿಲ್ಲ. ಆಮೇಲಾಮೇಲೆ ಜಾಸ್ತಿ."

"ಅತ್ತಿಗೆಗೆ ಗೊತ್ತಾ?"

"ಇಲ್ಲ."

"ನಾಳೆ ಎಲ್ಲಿ ಕೆಲಸ?"

ಅವನು ಕ್ಲಿಪ್ಪಿನ ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿದ. ಅವಳು ಮತ್ತೆ ಕೇಳಿದಳು. ಹನ್ನೆರಡು ಮಹಡಿಯ ವಸತಿ ಕಟ್ಟಡವೊಂದರಲ್ಲಿ ಲಿಫ್ಟ್ ಬಾಗಿಲುಗಳ ತಂತಿ ಬದಲಿಸುವುದಿದೆ ಎಂದ. ಅವನ ಕೆಲಸದ ಕತೆಗಳನ್ನು ಕೇಳಿಯೇ ಬೆಳೆದವಳು ಅವಳು. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಹೊರಡದಂತೆ ತಡೆಯುವುದು ಆ ಸಣ್ಣ ತಂತಿಗಳೇ. ಅದರ ಒಂದೆಳೆ ಎಡವಟ್ಟಾಗಿ ಪಕ್ಕದ ಸ್ಕ್ರೂವಿಗೆ ತಾಗಿಕೊಂಡರೆ, ಬಾಗಿಲು ತೆರೆದಿದ್ದರೂ ಮುಚ್ಚಿದೆಯೆಂದು ಲಿಫ್ಟ್ ನಂಬಿಬಿಡುತ್ತದೆ.

"ನೀನು ಹೋಗಬಾರದು," ಎಂದಳು.

"ಕಂಪನಿಗೆ ಏನಂತ ಹೇಳಲಿ? ತಂಗಿ ಬೇಡ ಅಂದಳು ಅಂತಲಾ?"

"ಇದ್ದದ್ದು ಇದ್ದ ಹಾಗೆ ಹೇಳು. ನೀನು ಹೇಳದಿದ್ರೆ ನಾನು ಫೋನ್ ಮಾಡ್ತೀನಿ."

ಅಂಥ ಮಾತನ್ನು ಅವಳು ಜನ್ಮದಲ್ಲಿ ಅವನಿಗೆ ಆಡಿರಲಿಲ್ಲ. ಅವನು ಬೆನ್ನು ತಿರುಗಿಸಿ ತಗಡಿನ ಸ್ಕ್ರೂಗಳನ್ನು ಒಂದೊಂದಾಗಿ ಅಂಗೈಗೆ ಹೆಕ್ಕಿಕೊಂಡ.

"ಸರಿ. ಇದನ್ನ ಹೇಳು ಮೊದಲು. ಯಾವುದು ಇಟ್ಕೊಳ್ತೀಯ?"

"ನಿಮ್ಮದೇ ಇರಲಿ ಭಾವ," ಎಂದ ಗಂಡ ತಟ್ಟನೆ. "ಆ ಬೆಸುಗೆ ಒಂದು ಸರಿಮಾಡಿದ್ರೆ ಆಯ್ತು. ದನಿ ನಿಮ್ಮದರಲ್ಲೇ ಚೆನ್ನಾಗಿತ್ತು. ನನಗೇ ಕೇಳಿಸ್ತು."

"ನಿಮ್ಮನ್ನ ಕೇಳಲಿಲ್ಲ ನಾನು."

ಇಬ್ಬರೂ ಅವಳ ಕಡೆ ನೋಡಿದರು. ಗಂಡ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ: ಹೂಂ ಅಂದುಬಿಡು. ಅವಳಿಗೂ ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ಈಗ ಸುಳ್ಳು ಹೇಳಿದರೆ, ಸ್ವಲ್ಪ ಹೊತ್ತಿನ ಹಿಂದೆ ಕೈಯ ವಿಷಯ ಆಡಿದ ಮಾತನ್ನೂ ಅಣ್ಣ ನಂಬಬೇಕಾಗಿರಲಿಲ್ಲ.

"ಅಂಗಡಿಯದು," ಎಂದಳು. "ಬೆಸುಗೆಗೋಸ್ಕರ ಅಲ್ಲ. ಅದು ಸರಿಯಿದ್ದಿದ್ರೂ ಅದನ್ನೇ ಹೇಳ್ತಿದ್ದೆ. ನಿನ್ನದರಲ್ಲಿ ಒಂಟಿ ದನಿ ಬಹಳ ಚೆನ್ನಾಗಿದೆ, ಅಂಗಡಿಯದಕ್ಕೆ ಅದು ಬರಲ್ಲ. ಆದ್ರೆ ಎಲ್ಲ ವಾದ್ಯ ಸೇರಿದ ಕೂಡಲೇ ಅದಕ್ಕೆ ಉಸಿರು ಕಟ್ಟುತ್ತೆ. ನಮ್ಮ ಸ್ಪೀಕರಿಗೆ ಎಂಟು ವಾಟ್ ಸಾಲದು."

ಅಣ್ಣ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡ. "ಕಟ್ಟುವಾಗ ಅದೇ ಭಯ ಇತ್ತು ನನಗೆ," ಎಂದು, ಯಾರ ಮುಖವನ್ನೂ ನೋಡದೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ.

ಗಾಜಿನಾಚೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಫೋನನ್ನು ಕಿವಿಗೆ ಹಿಡಿದದ್ದು, ಕೆಳಗಿಳಿಸಿದ್ದು, ಮತ್ತೆ ಹಿಡಿದದ್ದು ಕಂಡಿತು. ಒಳಗೆ ಗಂಡ ಹೆಂಡತಿ ಮೇಜಿನ ಎರಡು ಬದಿಗೆ ನಿಂತಿದ್ದರು.

"ಸ್ವಲ್ಪ ಮೆತ್ತಗೆ ಹೇಳಬಹುದಿತ್ತು," ಎಂದ ಗಂಡ.

"ಹೇಗೆ ಹೇಳಬೇಕಿತ್ತು ರೀ?"

ಗಂಡ ಮೇಜಿನ ಮೇಲಿನ ಕಂಬಳಿಯ ಅಂಚು ಸರಿಪಡಿಸಿದ.

ಅಣ್ಣ ಒಳಗೆ ಬಂದಾಗ ಕಣ್ಣು ಕೆಂಪಾಗಿದ್ದವು. "ನಾಳೆ ಬೇರೆಯವರನ್ನ ಕಳಿಸ್ತಾರಂತೆ," ಎಂದ. "ಡಾಕ್ಟರ ಚೀಟಿ ತಾ ಅಂದ್ರು." ಸೋಫಾದಲ್ಲಿ ಕೂತು, "ಎಲ್ಲಿ, ಆ ನಿಮ್ಮ ನಾಲ್ಕು ವಾಲ್ವಿಂದು ಹಾಕಿ ನೋಡೋಣ ಭಾವ," ಎಂದ. ರೆಕಾರ್ಡಿನ ಒಂದಿಡೀ ಬದಿಯನ್ನು, ಕೈ ತೊಡೆಗಳ ನಡುವೆ ಒತ್ತಿಕೊಂಡು ಕೇಳಿದ. ಮುಗಿದ ಮೇಲೆ, "ಪಿಟೀಲಿನ ದನಿ ಒಣಗಿದೆ," ಎಂದಷ್ಟೇ ಹೇಳಿದ. ಗಂಡ ಹೌದೆಂದ.

ನಡುಕ ಪೂರ್ತಿ ಹೋಗುವಂಥದ್ದಲ್ಲ, ಮಾತ್ರೆಯಿಂದ ತಗ್ಗುತ್ತದೆ ಎಂದರು ಡಾಕ್ಟರು. ಅತ್ತಿಗೆ ಒಂದು ವಾರ ಅತ್ತು, ಮುಚ್ಚಿಟ್ಟಿದ್ದಕ್ಕೆ ಇನ್ನೊಂದು ವಾರ ಬೈದಳು. ಕಂಪನಿ ಅವನನ್ನು ಹೊಸಬರಿಗೆ ಕೆಲಸ ಕಲಿಸಲು ಹಾಕಿತು. ಅಲ್ಲಿ ಬಾಯಿಯೊಂದನ್ನು ಬಿಟ್ಟು ಬೇರೇನೂ ಸವೆಯುವುದಿಲ್ಲ ಎಂದು ಅವನು ಗೊಣಗುತ್ತಿದ್ದ, ಆದರೂ ಹೋಗುತ್ತಿದ್ದ. ಅವಳ ಗಂಡ ರಜೆಯ ದಿನಗಳಲ್ಲಿ ಅವನ ಮನೆಗೆ ಹೋಗಿ, ಅವನು ತೋರಿಸಿದಂತೆ, ಬೈಸಿಕೊಳ್ಳುತ್ತ, ಆ ಎಂಟು ವಾಟಿನ ಪೆಟ್ಟಿಗೆಯ ಬೆಸುಗೆಗಳನ್ನೆಲ್ಲ ತೆಗೆದು ಹೊಸದಾಗಿ ಹಾಕಿದ. ಆ ಮನೆಯ ಚಿಕ್ಕ ಕೋಣೆಗೂ ಸುಲಭಕ್ಕೆ ದನಿ ಬಿಡುವ ಹಳೆಯ ಸ್ಪೀಕರಿಗೂ ಅದು ಧಾರಾಳವಾಗಿ ಸಾಕಾಯಿತು.

ತಂಗಿಯ ಜೊತೆ ಮಾತ್ರ ಅವನು ಬಹಳ ದಿನ ಮಾತಾಡಲಿಲ್ಲ. ಏನಾದರೂ ತಿಳಿಸುವುದಿದ್ದರೆ ಅವಳ ಗಂಡನಿಗೇ ಫೋನ್ ಮಾಡುತ್ತಿದ್ದ. ಒಂದು ಬೆಳಿಗ್ಗೆ ಹೊಸ ಹುಡುಗರನ್ನು ಕರೆದುಕೊಂಡು ಆಸ್ಪತ್ರೆಯ ಲಿಫ್ಟ್ ತೋರಿಸಲು ಬಂದವನು ಅವಳ ಕೋಣೆಯ ಬಾಗಿಲಲ್ಲಿ ನಿಂತು, "ತಿಂಡಿ ಆಯ್ತಾ?" ಎಂದು ಕೇಳಿದ. ಇಲ್ಲ ಎಂದಳು, ಮನೆಯಲ್ಲೇ ಆಗಿದ್ದರೂ. ಇಬ್ಬರೂ ಕ್ಯಾಂಟೀನಿಗೆ ಇಳಿದು ಹೋದರು.