ಎಡಗಡೆಯ ದೊಡ್ಡ ಡಬ್ಬಿ

ನನ್ನ ಗಂಡ ಸೊಂಟ ಹಿಡಿದುಕೊಂಡು ಮಲಗಿ ಅಂದಿಗೆ ಮೂರು ದಿನ. ನಾನು ಹೊಲಿದ ನಲವತ್ತು ಪರದೆಗಳು ಹತ್ತು ಗಂಟೆಯೊಳಗೆ ಹೋಟೆಲಿಗೆ ತಲುಪದಿದ್ದರೆ ಮುಂದಿನ ಕೆಲಸ ಬೇರೆಯವರ ಪಾಲು. ಲೈಸೆನ್ಸು ನನಗೂ ಇತ್ತು. ಹಳೇ ವ್ಯಾನಿನ ಕೀ ಮಾತ್ರ ಅವರ ದಿಂಬಿನಡಿ.

"ಬ್ರೇಕ್ ಎಣ್ಣೆ ನೋಡದೆ ಗಾಡಿ ತೆಗೆಯೋ ಹಾಗಿಲ್ಲ," ಎಂದು ಕೀ ಕೊಟ್ಟರು. "ಅದಕ್ಕೆ ಕಣ್ಣು ಪಳಗಿರಬೇಕು."

ಪ್ರತಿ ಭಾನುವಾರ ಅವರು ಬಾನೆಟ್ ಎತ್ತಿ, ನಾಡಿ ಹಿಡಿದ ವೈದ್ಯರಂತೆ ಹುಬ್ಬು ಗಂಟಿಕ್ಕಿ "ಹ್ಞೂಂ" ಎನ್ನುತ್ತಿದ್ದರು. ಆ "ಹ್ಞೂಂ" ನಂಬಿಕೊಂಡೇ ನಾನು ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದೆ.

"ಎಡಗಡೆ ದೊಡ್ಡ ಡಬ್ಬಿ," ಎಂದು, ನಾನು ಬಾನೆಟ್ ಎತ್ತುತ್ತಿದ್ದಂತೆ, ಮಲಗಿದ್ದ ಕೋಣೆಯ ಕಿಟಕಿಯಿಂದ ಕೂಗಿದರು. "ನೀಲಿ ಎಣ್ಣೆ ತುಂಬಿದ್ಯಾ?"

"ತುಂಬಿದೆ."

"ಮತ್ತೇನು, ಹೊರಡು!"

ಕಾಲಿಟ್ಟರೆ ಬ್ರೇಕ್ ಪೆಡಲು ಹತ್ತಿಯ ದಿಂಬಿನಂತೆ ಕೆಳಗಿಳಿಯಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ನೀಲಿನಾ? ಅಕ್ಕಾ, ಅದು ಗಾಜು ತೊಳೆಯೋ ನೀರು! ಬ್ರೇಕಿಂದು ಹಿಂದುಗಡೆ ಚಿಕ್ಕ ಡಬ್ಬಿ."

ಧೂಳು ಒರೆಸಿ ನೋಡಿದೆ. ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗೆ, ತಳದಲ್ಲಿತ್ತು. "ಇಷ್ಟು ವರ್ಷ ಗಾಡಿ ನಿಲ್ತಾ ಇದ್ದಿದ್ದು ಹೇಗಪ್ಪಾ?"

"ಸರ್ವಿಸಿಗೆ ಬಂದಾಗ ಅಣ್ಣಂಗೆ ಟೀ ಕೊಟ್ಟು ಆ ಕಡೆ ಕೂರಿಸಿ ನಾನೇ ತುಂಬ್ತಿದ್ದೆ. ಹೇಳಕ್ಕೆ ಹೋದ್ರೆ 'ನಂಗೇ ಕಲಿಸ್ತೀಯಾ' ಅಂತಾರೆ. ಎರಡು ವರ್ಷದಿಂದ ಈ ಕಡೆ ತಲೆನೇ ಹಾಕಿಲ್ವಲ್ಲ. ಗಾಡಿ ಅಲ್ಲಾಡಿಸಬೇಡಿ, ಬಂದೆ."

ಬಂದವನೇ ಹೊಸ ಎಣ್ಣೆ ಹಾಕಿ ಚಕ್ರದ ಬಳಿ ಅಂಗಾತ ಮಲಗಿದ. ಅವನು "ಒತ್ತಿ, ಹಿಡ್ಕೊಳ್ಳಿ, ಬಿಡಿ" ಎಂದಂತೆಲ್ಲ ನಾನು ಪೆಡಲು ಒತ್ತಿದೆ. ಬ್ರೇಕ್ ಪೈಪಿನಲ್ಲಿ ಸೇರಿದ್ದ ಗಾಳಿ ಹೊರಹೋದಂತೆ ಪೆಡಲು ಗಟ್ಟಿಯಾಯಿತು.

"ನೀನ್ಯಾಕೋ ಬಂದೆ?" ಕಿಟಕಿ ಕೇಳಿತು.

ಮೆಕ್ಯಾನಿಕ್ ನೆಲ ನೋಡಿದ. ಸುಳ್ಳೊಂದು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಗಂಡನ ಮರ್ಯಾದೆ ಕಾಯುವ ಸುಳ್ಳುಗಳಲ್ಲಿ ನಾನೂ ಪಳಗಿದವಳೇ. ಆದರೆ ಬರುವ ಭಾನುವಾರ ಅವರು ಮತ್ತೆ ಬಾನೆಟ್ ಎತ್ತುತ್ತಾರಲ್ಲ! ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವರು ಕಿಟಕಿಯಿಂದಲೇ ವ್ಯಾನಿನ ಮುಂದಿನ ಗಾಜನ್ನು ದಿಟ್ಟಿಸಿದರು.

"ಗಾಜಂತೂ ಯಾವತ್ತೂ ಕೊಳೆಯಾಗಿರ್ಲಿಲ್ಲ," ಎಂದರು.

"ಇಲ್ಲ. ಎದುರಿಗೆ ಬರೋ ಲಾರಿಗಳೆಲ್ಲ ಚೆನ್ನಾಗಿ ಕಾಣ್ತಿದ್ವು."

ಮೆಕ್ಯಾನಿಕ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹತ್ತಕ್ಕೆ ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಗೇಟಿನ ಬಳಿ ಬ್ರೇಕ್ ಒತ್ತಿ ನೋಡಿದೆ. ವ್ಯಾನು ಗಕ್ಕನೆ ನಿಂತು, ನಲವತ್ತು ಪರದೆಗಳ ಗಂಟು ಹಿಂದಿನಿಂದ ಬಂದು ನನ್ನ ಸೀಟಿಗೆ ಗುದ್ದಿತು.

"ಮೆಲ್ಲಗೆ ಕಣೇ!" ಕಿಟಕಿಯಿಂದ ಕೂಗಿದರು. "ಅದು ಇಷ್ಟು ಜೋರಾಗಿ ಹಿಡಿಯುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ!"